ಒಪೆರಾ ಹಸ್ತಪ್ರತಿಯನ್ನು ಹುಡುಕಿ, ತರಿಸಿ, ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಳೆಯ ಒಪೆರಾದ ಕೈಬರಹದ ಸ್ಕೋರ್, ಅಂದರೆ ಆ ಸಂಗೀತ ನಾಟಕದ ಹಾಡು, ವಾದ್ಯಗಳನ್ನು ಸ್ವರಲಿಪಿಯಲ್ಲಿ ಬರೆದ ಪ್ರತಿ, ಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಜಾಗದಲ್ಲಿ. ಕೃತಿಯ ಹೆಸರನ್ನು ಕ್ಯಾಟಲಾಗಿನಲ್ಲಿ ಹಾಕಿ, ಮೊದಲು ಸಿಕ್ಕ ಹಸ್ತಪ್ರತಿಯನ್ನೇ ‘ಆ ಒಪೆರಾ’ ಎಂದುಕೊಂಡು ಇಳಿಸಿಕೊಳ್ಳುತ್ತಾರೆ. ಓದಲು ಕೂತರೆ ಕೇಳಿದ್ದ ರೆಕಾರ್ಡಿಂಗಿಗೂ ಕಣ್ಣೆದುರಿನ ಪುಟಕ್ಕೂ ತಾಳೆಯಾಗುವುದಿಲ್ಲ. ಗೊತ್ತಿದ್ದ ಹಾಡು ಇರುವುದಿಲ್ಲ, ಇದ್ದರೆ ಬೇರೆ ಶ್ರುತಿಯಲ್ಲಿರುತ್ತದೆ, ಹೆಸರೇ ಕೇಳದ ಇನ್ನೊಂದು ಹಾಡು ನಡುವೆ ಬಂದು ಕೂತಿರುತ್ತದೆ. ಪ್ರತಿ ದೋಷಪೂರ್ಣ ಎಂದು ಅಲ್ಲಿಗೇ ಕೈಬಿಡುತ್ತಾರೆ. ಬಹುಪಾಲು ಸಲ ಪ್ರತಿಯಲ್ಲಿ ಯಾವ ದೋಷವೂ ಇರುವುದಿಲ್ಲ. ಅದು ಬೇರೊಂದು ಊರಿನ, ಬೇರೊಂದು ವರ್ಷದ ಪ್ರದರ್ಶನಕ್ಕೆಂದು ಬರೆದದ್ದು, ಅಷ್ಟೆ.

ಒಂದೇ ಪ್ರಸಂಗವನ್ನು ಎರಡು ಮೇಳಗಳು ಆಡಿದಾಗ ಯಾವ ಪದ್ಯ ಉಳಿಯುತ್ತದೆ, ಯಾವುದು ಬಿಟ್ಟುಹೋಗುತ್ತದೆ ಎಂಬುದು ಹೇಗೆ ಆ ರಾತ್ರಿಯ ಭಾಗವತರನ್ನೂ ವೇಷಧಾರಿಗಳನ್ನೂ ಅವಲಂಬಿಸಿರುತ್ತದೋ, 17 ಮತ್ತು 18ನೇ ಶತಮಾನದ ಒಪೆರಾವೂ ಹಾಗೆಯೇ ಆಯಾ ರಂಗಮಂದಿರದ ಗಾಯಕರಿಗೆ ತಕ್ಕಂತೆ ಬದಲಾಗುತ್ತಿತ್ತು. ಆದ್ದರಿಂದ ಹುಡುಕಬೇಕಾದದ್ದು ಕೃತಿಯನ್ನಲ್ಲ, ಪ್ರದರ್ಶನವನ್ನು. ಕೆಳಗಿನ ಹಂತಗಳ ಕ್ರಮವೆಲ್ಲ ನಿಂತಿರುವುದು ಇದರ ಮೇಲೆ. ಕ್ರಮ ತಪ್ಪಿಸಿ ಸ್ಕೋರಿನಿಂದಲೇ ಶುರುಮಾಡಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

## ಮೊದಲು ಕೈಯಲ್ಲಿ ಇರಬೇಕಾದವು

ಬೇಕಾದ ಸಲಕರಣೆ ಹೆಚ್ಚೇನಿಲ್ಲ: ಮೆತ್ತನೆಯ ಸೀಸದ ಎರಡು ಪೆನ್ಸಿಲ್, ಮಿಲಿಮೀಟರ್ ಗುರುತಿರುವ ಕಾಗದದ ಅಥವಾ ಬಟ್ಟೆಯ ಅಳತೆಪಟ್ಟಿ, ಒಂದು ಭೂತಗನ್ನಡಿ, ಸ್ಪ್ರೆಡ್‌ಶೀಟ್ ಇರುವ ಲ್ಯಾಪ್‌ಟಾಪ್. ಇದರ ಜೊತೆಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಬರಬೇಕು. ಇಟಾಲಿಯನ್ ಮಾತಾಡಲು ಬರಬೇಕಿಲ್ಲ. ಆದರೆ ಪದಕೋಶ ಪಕ್ಕದಲ್ಲಿಟ್ಟುಕೊಂಡು ಒಂದು ಪದ್ಯದ ಮೊದಲ ಸಾಲನ್ನು ಗುರುತಿಸುವಷ್ಟು ಬರಲೇಬೇಕು, ಏಕೆಂದರೆ ಹಾಡುಗಳನ್ನು ಗುರುತಿಸುವುದೇ ಮೊದಲ ಸಾಲಿನಿಂದ.

## ಹಂತ 1: ಊರು, ರಂಗಮಂದಿರ, ವರ್ಷ ಗೊತ್ತುಮಾಡಿಕೊಳ್ಳಿ

ಗ್ಲುಕ್ ರಚಿಸಿದ ‘ಓರ್ಫೆಯೊ’ವನ್ನೇ ತೆಗೆದುಕೊಳ್ಳೋಣ. 1762ರ ಅಕ್ಟೋಬರ್ 5ರಂದು ವಿಯೆನ್ನಾದಲ್ಲಿ ಮೊದಲ ಪ್ರದರ್ಶನ: ಭಾಷೆ ಇಟಾಲಿಯನ್, ನಾಯಕನ ಪಾತ್ರಕ್ಕೆ ಆಲ್ಟೊ (ತಗ್ಗಿನ ಹೆಣ್ಣುಧ್ವನಿಯ) ಶ್ರೇಣಿಯ ಕಾಸ್ತ್ರಾತೊ (ಬಾಲ್ಯದಲ್ಲೇ ಬೀಜ ತೆಗೆಸಿ ಎಳೆಯ ಧ್ವನಿ ಉಳಿಸಿಕೊಂಡ ಗಾಯಕ) ಗ್ವಾದಾನಿ. 1769ರಲ್ಲಿ ಪಾರ್ಮಾದಲ್ಲಿ ಅದೇ ಪಾತ್ರವನ್ನು ಅದಕ್ಕಿಂತ ಎತ್ತರದ ಸೊಪ್ರಾನೊ ಶ್ರೇಣಿಯ ಮಿಲ್ಲಿಕೊಗಾಗಿ ಮೇಲಕ್ಕೆ ಏರಿಸಿ ಬರೆದರು. 1774ರಲ್ಲಿ ಪ್ಯಾರಿಸ್: ಭಾಷೆ ಫ್ರೆಂಚ್, ನಾಯಕ ಓಟ್-ಕೋಂತ್ರ್ ಎಂಬ ಎತ್ತರದ ಗಂಡುಧ್ವನಿಯ ಲೆಗ್ರೊ, ಜೊತೆಗೆ ಹೊಸ ನೃತ್ಯಗಳು. 1859ರಲ್ಲಿ ಪ್ಯಾರಿಸ್‌ನಲ್ಲೇ ಪೋಲೀನ್ ವಿಯಾರ್ದೊ ಹಾಡಲೆಂದು ಬೆರ್ಲಿಯೋಜ್ ಮಾಡಿದ ಮತ್ತೊಂದು ರೂಪ. ಹೆಸರು ಒಂದೇ, ಸ್ಕೋರ್ ನಾಲ್ಕು ಬಗೆ.

ಹಾಗಾಗಿ ಒಂದು ಹಾಳೆಯ ಮೇಲೆ ಮೊದಲು ಬರೆದುಕೊಳ್ಳಿ: ನನಗೆ ಬೇಕಾದದ್ದು ಇಂಥ ಊರಿನ, ಇಂಥ ರಂಗಮಂದಿರದ, ಇಂಥ ಋತುವಿನ ಪ್ರದರ್ಶನ. ಈ ಸಾಲು ತುಂಬದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

ವರ್ಷದ ವಿಷಯದಲ್ಲಿ ಎಚ್ಚರ ಬೇಕು. ಇಟಲಿಯ ಕಾರ್ನಿವಲ್ ಋತು, ಅಂದರೆ ಈಸ್ಟರ್ ಉಪವಾಸಕ್ಕೆ ಮುಂಚಿನ ಹಬ್ಬದ ಕಾಲ, ಸಾಮಾನ್ಯವಾಗಿ ಡಿಸೆಂಬರ್ 26ರಿಂದ ಶುರು. ‘1730ರ ಕಾರ್ನಿವಲ್’ ಎಂದರೆ 1729ರ ಕೊನೆಯ ವಾರವೂ ಅದರೊಳಗೆ ಬರುತ್ತದೆ. ವೆನಿಸ್‌ನಲ್ಲಿ ಇನ್ನೊಂದು ತೊಡಕಿದೆ: ಅಲ್ಲಿನ ಹಳೆಯ ಕಾಲಗಣನೆಯಲ್ಲಿ ವರ್ಷ ಹುಟ್ಟುವುದು ಮಾರ್ಚ್ 1ಕ್ಕೆ. ಜನವರಿ, ಫೆಬ್ರವರಿಯಲ್ಲಿ ಅಚ್ಚಾದ ಪುಸ್ತಿಕೆಯ ಮೇಲೆ ಹಿಂದಿನ ವರ್ಷವೇ ಇರಬಹುದು. ಇದನ್ನು ಮರೆತರೆ ಒಂದೇ ಪ್ರದರ್ಶನವನ್ನು ಎರಡೆಂದು ಎಣಿಸುತ್ತೀರಿ.

## ಹಂತ 2: ಸ್ಕೋರಿಗಿಂತ ಮೊದಲು ಲಿಬ್ರೆಟ್ಟೊ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ಅವರ ಸೋಲಿಗೆ ಮುಖ್ಯ ಕಾರಣವೂ ಇದೇ. ಲಿಬ್ರೆಟ್ಟೊ ಎಂದರೆ ಆ ಪ್ರದರ್ಶನಕ್ಕೆಂದೇ ಅಚ್ಚು ಹಾಕಿಸಿ ಪ್ರೇಕ್ಷಕರಿಗೆ ಮಾರುತ್ತಿದ್ದ ಸಾಹಿತ್ಯದ ಪುಸ್ತಿಕೆ. ಸ್ಕೋರಿನಲ್ಲಿ ಊರು, ದಿನಾಂಕ, ಗಾಯಕರ ಹೆಸರು ಇಲ್ಲದಿರುವುದು ಸಾಮಾನ್ಯ. ಲಿಬ್ರೆಟ್ಟೊದಲ್ಲಿ ಇವು ಅಚ್ಚಾಗಿರುತ್ತವೆ. ಸ್ಕೋರ್ ಯಾವ ಪ್ರದರ್ಶನದ್ದು ಎಂದು ಹೇಳುವ ಗಟ್ಟಿ ಸಾಕ್ಷಿ ಈ ಪುಸ್ತಿಕೆಯೇ.

ಹುಡುಕುವ ಜಾಗಗಳು ಮೂರು. ಇಟಾಲಿಯನ್ ಒಪೆರಾಕ್ಕೆ ಬೊಲೋನ್ಯಾ ವಿಶ್ವವಿದ್ಯಾಲಯದ ‘ಕೊರಾಗೊ’ ದತ್ತಸಂಚಯ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ ಶಾಟ್ಜ್ ಸಂಗ್ರಹ. 12,000ಕ್ಕೂ ಹೆಚ್ಚು ಲಿಬ್ರೆಟ್ಟೊಗಳಿವೆ, ಸ್ಕ್ಯಾನ್ ಮಾಡಿದವನ್ನು ಮನೆಯಲ್ಲೇ ಕೂತು ಓದಬಹುದು. ಫ್ರೆಂಚ್ ಕೃತಿಗಳಿಗೆ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ‘ಗಾಲಿಕಾ’.

ಪುಸ್ತಿಕೆ ಸಿಕ್ಕ ಮೇಲೆ ಒಂದು ಪಟ್ಟಿ ಮಾಡಿ: ಅಂಕ, ದೃಶ್ಯ, ಹಾಡುವ ಪಾತ್ರ, ಹಾಡಿನ ಮೊದಲ ಸಾಲು. ಮೂರಂಕದ ಇಟಾಲಿಯನ್ ಗಂಭೀರ ಒಪೆರಾದಲ್ಲಿ ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ಹಾಡುಗಳಿರುತ್ತವೆ. ಈ ಪಟ್ಟಿಯೇ ಮುಂದೆ ಸ್ಕೋರಿನ ಎದುರು ಇಟ್ಟು ನೋಡುವ ಅಳತೆಗೋಲು.

ಇಲ್ಲಿ ಆಗುವ ತಪ್ಪುಗಳಲ್ಲಿ ಎರಡನ್ನು ಹೇಳಲೇಬೇಕು. ಕೆಲವು ಸಾಲುಗಳ ಎಡಬದಿಯಲ್ಲಿ ಜೋಡಿ ಅಲ್ಪವಿರಾಮದಂಥ ಗುರುತು ಅಚ್ಚಾಗಿರುತ್ತದೆ. ಅದು ಉದ್ಧರಣ ಚಿಹ್ನೆಯಲ್ಲ. ಕವಿ ಬರೆದಿದ್ದರೂ ರಂಗದಲ್ಲಿ ಹಾಡದೆ ಬಿಟ್ಟ ಸಾಲುಗಳು ಅವು. ಓದುಗರಿಗೆಂದು ಅಚ್ಚು ಮಾಡಿದ್ದಾರೆ. ಅವುಗಳಿಗೆ ಸಂಗೀತ ಸಿಗದಿದ್ದರೆ ಹಸ್ತಪ್ರತಿಯ ಹಾಳೆ ಕಳೆದುಹೋಗಿದೆ ಎಂದು ಬರೆದುಕೊಳ್ಳಬೇಡಿ. ಎರಡನೆಯದು, ಒಂದೇ ಸಾಹಿತ್ಯಕ್ಕೆ ಹಲವರು ಸಂಗೀತ ಕಟ್ಟಿರುವುದು. ಕವಿ ಮೆತಾಸ್ತಾಸಿಯೊ ಬರೆದ ‘ಆರ್ತಸೆರ್ಸೆ’ಯನ್ನು 80ಕ್ಕೂ ಹೆಚ್ಚು ಸಂಗೀತಗಾರರು ಬಳಸಿಕೊಂಡಿದ್ದಾರೆ. 1730ರ ಒಂದೇ ಕಾರ್ನಿವಲ್‌ನಲ್ಲಿ ರೋಮ್‌ನಲ್ಲಿ ವಿಂಚಿಯದು, ವೆನಿಸ್‌ನಲ್ಲಿ ಹಾಸ್ಸೆಯದು ಪ್ರದರ್ಶನಗೊಂಡಿತು. ಸಾಲು ಹೊಂದಿದ ಮಾತ್ರಕ್ಕೆ ಸಂಗೀತಗಾರ ಅವನೇ ಎಂದಾಗುವುದಿಲ್ಲ.

## ಹಂತ 3: ಕ್ಯಾಟಲಾಗಿನಲ್ಲಿ ಹುಡುಕುವ ಕ್ರಮ

ಈಗ ಸ್ಕೋರ್. ಮೊದಲು ನೋಡಬೇಕಾದದ್ದು ‘ರಿಸ್ಮ್’, ಅಂದರೆ 1952ರಲ್ಲಿ ಶುರುವಾದ ಸಂಗೀತ ಮೂಲಗಳ ಅಂತರರಾಷ್ಟ್ರೀಯ ಸೂಚಿ. ಆನ್‌ಲೈನಿನಲ್ಲಿ ಉಚಿತ. ಅನುಕ್ರಮ ಹೀಗಿರಲಿ:

1. ಸಂಗೀತಗಾರನ ಹೆಸರನ್ನು ಪಟ್ಟಿಯಿಂದ ಆರಿಸಿ. ಟೈಪ್ ಮಾಡಿದ ಹೆಸರನ್ನು ನಂಬಬೇಡಿ, ಅಕ್ಷರವಿನ್ಯಾಸ ಹತ್ತು ಬಗೆ ಇರುತ್ತದೆ.
2. ಕೃತಿಯ ಶೀರ್ಷಿಕೆ ಹಾಕಿ, ಫಲಿತಾಂಶವನ್ನು ‘ಹಸ್ತಪ್ರತಿ’ಗೆ ಸೀಮಿತಗೊಳಿಸಿ.
3. ಸಿಗದಿದ್ದರೆ ಶೀರ್ಷಿಕೆ ಬಿಟ್ಟು ಹಾಡಿನ ಮೊದಲ ಸಾಲು ಹಾಕಿ. ಬಿಡಿ ಹಾಡುಗಳ ಸಂಗ್ರಹದಲ್ಲಿ ಸೇರಿಕೊಂಡ ಪ್ರತಿಗಳು ಸಿಗುವುದು ಹೀಗೆಯೇ.
4. ಅದೂ ಸಿಗದಿದ್ದರೆ ಮೊದಲ ಏಳೆಂಟು ಸ್ವರಗಳನ್ನು ಅಕ್ಷರಗಳಾಗಿ ಹಾಕಿ ಸ್ವರಾರಂಭದ ಹುಡುಕಾಟ ನಡೆಸಿ. ಹೆಸರಿಲ್ಲದ, ತಪ್ಪು ಹೆಸರಿನ ಪ್ರತಿಗಳನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಪ್ರತಿ ಗ್ರಂಥಾಲಯಕ್ಕೂ ರಿಸ್ಮ್ ಒಂದು ಸಂಕೇತ ಕೊಟ್ಟಿದೆ; ಮೊದಲ ಭಾಗ ದೇಶ, ಅಡ್ಡಗೆರೆಯ ನಂತರ ಊರು ಮತ್ತು ಸಂಸ್ಥೆ. ‘ಐ-ಎನ್‌ಸಿ’ ನೇಪಲ್ಸ್‌ನ ಸಾನ್ ಪಿಯೆತ್ರೊ ಅ ಮಾಯೆಲ್ಲಾ ಸಂಗೀತಶಾಲೆ, ‘ಡಿ-ಬಿ’ ಬರ್ಲಿನ್ ರಾಜ್ಯ ಗ್ರಂಥಾಲಯ, ‘ಎಫ್-ಪಿಎನ್’ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯ, ‘ಎ-ಡಬ್ಲ್ಯುಎನ್’ ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯ, ‘ಪಿಎಲ್-ಕೆಜೆ’ ಕ್ರಾಕೋವ್‌ನ ಯಾಗೆಲೋನಿಯನ್ ಗ್ರಂಥಾಲಯ. ಹುಡುಕುವಾಗ ಇವನ್ನು ರೋಮನ್ ಅಕ್ಷರದಲ್ಲೇ ಹಾಕಬೇಕು. ಟಿಪ್ಪಣಿಯಲ್ಲೂ ಈ ಸಂಕೇತವನ್ನೇ ಬರೆಯಿರಿ. ‘ನೇಪಲ್ಸ್ ಪ್ರತಿ’ ಎಂದಷ್ಟೇ ಬರೆದರೆ ಆ ಊರಿನಲ್ಲಿ ಗ್ರಂಥಾಲಯ ಒಂದೇ ಅಲ್ಲವಲ್ಲ.

ರಿಸ್ಮ್‌ನಲ್ಲಿ ಇಲ್ಲ ಎಂದರೆ ಲೋಕದಲ್ಲೇ ಇಲ್ಲ ಎಂದಲ್ಲ. ಅದರ ಹಸ್ತಪ್ರತಿ ವಿಭಾಗ ಸುಮಾರು 1600ರಿಂದ 1850ರ ತನಕದ ಪ್ರತಿಗಳಿಗೆ ಬಲವಾಗಿದೆ, ಅದೂ ಎಲ್ಲ ದೇಶಗಳಿಗೆ ಸಮನಾಗಿ ಅಲ್ಲ. ಇಟಲಿಯ ಪ್ರತಿಗಳಿಗಾಗಿ ಆ ದೇಶದ ಸಾಮೂಹಿಕ ಕ್ಯಾಟಲಾಗ್ ‘ಎಸ್‌ಬಿಎನ್’ ಮತ್ತು ‘ಇಂಟರ್ನೆಟ್ ಕುಲ್ತುರಾಲೆ’ಯನ್ನು ಪ್ರತ್ಯೇಕವಾಗಿ ನೋಡಿ. 19ನೇ ಶತಮಾನದ ಇಟಾಲಿಯನ್ ಸಂಗೀತಗಾರ ವೆರ್ದಿ, ಅವನ ನಂತರದ ಪುಚ್ಚಿನಿಯ ಕಾಲಕ್ಕೆ ಬಂದರೆ ದಾರಿಯೇ ಬೇರೆ: ಅವರ ಸ್ವಹಸ್ತ ಪ್ರತಿಗಳಲ್ಲಿ ದೊಡ್ಡ ಪಾಲು ಪ್ರಕಾಶಕರ ಬಳಿ ಉಳಿಯಿತು. ಮಿಲಾನ್‌ನ ರಿಕೋರ್ಡಿ ಆರ್ಕೈವ್‌ನಲ್ಲಿ ವೆರ್ದಿಯ 28 ಒಪೆರಾಗಳಲ್ಲಿ 23ರ ಸ್ವಹಸ್ತ ಸ್ಕೋರ್‌ಗಳಿವೆ. ‘ಲಾ ರೋಂದಿನೆ’ ಬಿಟ್ಟರೆ ಪುಚ್ಚಿನಿಯವೂ ಅಲ್ಲೇ ಇವೆ.

ಒಂದು ಕೃತಿಯ ಸ್ವಹಸ್ತ ಪ್ರತಿ ಒಂದೇ ಕಡೆ ಇರುತ್ತದೆ ಎಂದೂ ಎಣಿಸಬೇಡಿ. ಮೊಟ್ಸಾರ್ಟ್‌ನ ‘ಫಿಗಾರೊ’ದ 1, 2ನೇ ಅಂಕಗಳು ಬರ್ಲಿನ್‌ನಲ್ಲಿ, 3, 4ನೇ ಅಂಕಗಳು ಕ್ರಾಕೋವ್‌ನಲ್ಲಿ. ‘ಕೋಸಿ ಫಾನ್ ತುತ್ತೆ’ಯ ಮೊದಲ ಅಂಕ ಕ್ರಾಕೋವ್‌ನಲ್ಲಿ, ಎರಡನೆಯದು ಬರ್ಲಿನ್‌ನಲ್ಲಿ. ಎರಡು ದೇಶ, ಎರಡು ಕರೆಸಂಖ್ಯೆ (ಗ್ರಂಥಾಲಯ ಪ್ರತಿಗೆ ಕೊಟ್ಟ ಗುರುತಿನ ಸಂಖ್ಯೆ), ಎರಡು ಅರ್ಜಿ. ಒಂದು ಗ್ರಂಥಾಲಯದ ನಮೂದಿನಲ್ಲಿ ಅರ್ಧವೇ ಇದ್ದರೆ ಉಳಿದರ್ಧ ಕಳೆದಿದೆ ಎನ್ನುವ ಮೊದಲು ಬೇರೆ ಸಂಕೇತಗಳಡಿ ಹುಡುಕಿ.

## ಹಂತ 4: ನಮೂದನ್ನು ಸರಿಯಾಗಿ ಓದಿ

ಕ್ಯಾಟಲಾಗಿನ ಒಂದು ನಮೂದಿನಲ್ಲಿ ಐದು ಸಂಗತಿ ನೋಡಬೇಕು.

ಯಾವ ಬಗೆಯ ಪ್ರತಿ: ಇಟಾಲಿಯನ್‌ನಲ್ಲಿ ‘ಪಾರ್ತಿತುರಾ’ ಎಂದರೆ ಎಲ್ಲ ವಾದ್ಯಗಳಿರುವ ಪೂರ್ಣ ಸ್ಕೋರ್, ‘ಪಾರ್ತಿ’ ಎಂದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದ ಪ್ರತಿ, ‘ಸ್ಪಾರ್ತಿತೊ’ ಎಂದರೆ ಸಾಮಾನ್ಯವಾಗಿ ಗಾಯನ ಮತ್ತು ಪಿಯಾನೊಗೆ ಇಳಿಸಿದ್ದು. ಜರ್ಮನ್‌ನಲ್ಲಿ ಕ್ರಮವಾಗಿ ‘ಪಾರ್ಟಿಟೂರ್’, ‘ಶ್ಟಿಮ್ಮೆನ್’, ‘ಕ್ಲಾವಿಯರ್‌ಔಸ್‌ಟ್ಸುಗ್’. ಪಾರ್ತಿತುರಾ ಬದಲು ಸ್ಪಾರ್ತಿತೊಗೆ ದುಡ್ಡು ಕಟ್ಟಿ ತರಿಸಿಕೊಂಡವರು ಬಹಳ.

ಯಾರ ಕೈಬರಹ: ಸ್ವಹಸ್ತವೋ ನಕಲುಗಾರನದೋ. ಸ್ವಹಸ್ತವೇ ಶ್ರೇಷ್ಠ ಎಂಬ ನಂಬಿಕೆ ಎಲ್ಲ ಪ್ರಶ್ನೆಗೂ ಸರಿಹೊಂದುವುದಿಲ್ಲ. ಹ್ಯಾಂಡೆಲ್‌ನ ಸ್ವಹಸ್ತ ಪ್ರತಿಗಳಲ್ಲಿ ಹೆಚ್ಚಿನವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವನು ಪ್ರದರ್ಶನ ನಡೆಸಲು ಬಳಸಿದ, ನಕಲುಗಾರರು ಬರೆದ ಸ್ಕೋರ್‌ಗಳ ದೊಡ್ಡ ಸಂಗ್ರಹ ಹ್ಯಾಂಬರ್ಗ್‌ನಲ್ಲಿದೆ. ಅವನು ಮೊದಲು ಏನು ಬರೆದ ಎಂದು ತಿಳಿಯಲು ಲಂಡನ್, ರಂಗದಲ್ಲಿ ಏನು ಹಾಡಿದರು ಎಂದು ತಿಳಿಯಲು ಹ್ಯಾಂಬರ್ಗ್.

ದಿನಾಂಕ: ‘1750–1799’ ಎಂದಿದ್ದರೆ ಅದು 18ನೇ ಶತಮಾನದ ಉತ್ತರಾರ್ಧ ಎಂಬ ಅಂದಾಜು. ಪ್ರದರ್ಶನದ ವರ್ಷವನ್ನು ಅದರಿಂದ ಹೊರಡಿಸಬೇಡಿ.

ಹಾಳೆಗಳ ಲೆಕ್ಕ: ಹಾಳೆ ಬೇರೆ, ಪುಟ ಬೇರೆ. ಹಸ್ತಪ್ರತಿಯಲ್ಲಿ ಎಣಿಸುವುದು ಹಾಳೆಯನ್ನು. ಒಂದು ಹಾಳೆಗೆ ಮುಂಬದಿ, ಹಿಂಬದಿ. 120 ಹಾಳೆ ಎಂದರೆ 240 ಬದಿಗಳು. ಪ್ರತಿ ತರಿಸುವ ಖರ್ಚು ಇದರಿಂದಲೇ ದುಪ್ಪಟ್ಟಾಗುತ್ತದೆ.

ಹಳೆಯ ಕರೆಸಂಖ್ಯೆ: ‘ಓಲಿಮ್’ ಎಂದಿದ್ದರೆ ಅದು ಹಿಂದಿನ ಸಂಖ್ಯೆ. ಐವತ್ತು ವರ್ಷ ಹಿಂದಿನ ಲೇಖನದಲ್ಲಿ ಕಂಡ ಸಂಖ್ಯೆ ಕೊಟ್ಟು ಬೇಡಿಕೆ ಸಲ್ಲಿಸಿದರೆ ಬೇರೆಯದೇ ಪೆಟ್ಟಿಗೆ ಬರಬಹುದು.

## ಹಂತ 5: ಚಿತ್ರಗಳನ್ನು ತರಿಸಿಕೊಳ್ಳುವುದು

ಭಾರತದಲ್ಲಿರುವವರಿಗೆ ಮೊದಲ ದಾರಿ ಡಿಜಿಟಲ್ ಪ್ರತಿಯೇ. ಗಾಲಿಕಾ, ಬರ್ಲಿನ್ ಗ್ರಂಥಾಲಯದ ಡಿಜಿಟಲ್ ಸಂಗ್ರಹ, ಇಂಟರ್ನೆಟ್ ಕುಲ್ತುರಾಲೆ, ಕೊನೆಗೆ ಸ್ವಯಂಸೇವಕರು ಕಟ್ಟಿದ ಸ್ವರಲಿಪಿ ಜಾಲತಾಣ ‘ಐಎಂಎಸ್‌ಎಲ್‌ಪಿ’ — ಈ ಕ್ರಮದಲ್ಲಿ ನೋಡಿ. ಕೊನೆಯದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ: ಅಲ್ಲಿಗೆ ಬರುವಷ್ಟರಲ್ಲಿ ಕರೆಸಂಖ್ಯೆ, ಹೊದಿಕೆ, ಖಾಲಿ ಹಾಳೆಗಳು ಉದುರಿಹೋಗಿರುವುದುಂಟು. ಬ್ರಿಟಿಷ್ ಲೈಬ್ರರಿಯ ಮೇಲೆ 2023ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿ ನಡೆದ ಮೇಲೆ ಅಲ್ಲಿನ ಹಸ್ತಪ್ರತಿಗಳ ಹಳೆಯ ಕೊಂಡಿಗಳು ಕೆಲಸ ಮಾಡದೆ ನಿಂತವು. ಹಳೆಯ ಲೇಖನಗಳಲ್ಲಿನ ಕೊಂಡಿ ತೆರೆಯದಿದ್ದರೆ ಗ್ರಂಥಾಲಯಕ್ಕೇ ಬರೆದು ಕೇಳಿ.

ಡಿಜಿಟಲ್ ಇಲ್ಲದಿದ್ದರೆ ಮಿಂಚಂಚೆ ಬರೆಯಬೇಕು. ಅದರಲ್ಲಿ ಇರಬೇಕಾದವು: ಪೂರ್ಣ ಕರೆಸಂಖ್ಯೆ, ಬೇಕಾದ ಹಾಳೆಗಳ ಸಂಖ್ಯೆ, ಓದಲು ಮಾತ್ರವೋ ಪ್ರಕಟಣೆಗೂ ಹೌದೋ ಎಂಬುದು, ಬೇಕಾದ ಗುಣಮಟ್ಟ. ‘ಇಡೀ ಒಪೆರಾ ಕಳಿಸಿ’ ಎಂದು ಬರೆದರೆ ಉತ್ತರ ತಡವಾಗುತ್ತದೆ. ‘ಒಂದನೇ ಸಂಪುಟ, ಹಾಳೆ 1ರಿಂದ 48, ಎರಡೂ ಬದಿ, ಹೊದಿಕೆಯ ಒಳಬದಿ ಸಮೇತ’ ಎಂದು ಬರೆದರೆ ಬೇಗ ಬರುತ್ತದೆ.

ಬಣ್ಣದ ಚಿತ್ರವನ್ನೇ ಕೇಳಿ. ಹಳೆಯ ಮೈಕ್ರೊಫಿಲ್ಮಿನಿಂದ ತೆಗೆದ ಕಪ್ಪು-ಬಿಳುಪು ಪ್ರತಿ ಅಗ್ಗವಾದರೂ ಅದರಲ್ಲಿ ಕೆಂಪು ಪೆನ್ಸಿಲ್ಲಿನ ಗುರುತು, ಮೇಲೆ ಅಂಟಿಸಿದ ಚೀಟಿಯ ಅಂಚು, ಎರಡು ಶಾಯಿಗಳ ವ್ಯತ್ಯಾಸ ಯಾವುದೂ ಕಾಣುವುದಿಲ್ಲ, ಮತ್ತು ಪಠ್ಯದ ಕಥೆ ಇರುವುದೇ ಅವುಗಳಲ್ಲಿ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಓದಲು ಸಾಕು. ಅಳಿಸಿದ ಸ್ವರ ಪರಿಶೀಲಿಸಬೇಕಾದರೆ 400. ಸುಮಾರು 22×28 ಸೆಂ.ಮೀ. ಗಾತ್ರದ ಒಂದು ಬದಿಯನ್ನು 400 ಡಿಪಿಐ ಬಣ್ಣದ ಟಿಫ್ ಕಡತವಾಗಿ ಉಳಿಸಿದರೆ ಸುಮಾರು 45 ಎಂಬಿ ಆಗುತ್ತದೆ. 400 ಬದಿಗಳಿಗೆ 18 ಜಿಬಿ. ಕೆಲಸಕ್ಕೆ ಜೆಪೆಗ್ ತರಿಸಿ, ಅನುಮಾನ ಬಂದ ಹಾಳೆಗಳಿಗೆ ಮಾತ್ರ ಟಿಫ್ ಕೇಳುವುದು ಜಾಣತನ.

## ಹಂತ 6: ವಾಚನ ಕೊಠಡಿಯಲ್ಲಿ

ಹೋಗುವುದೇ ಆದರೆ ಮೊದಲೇ ಬರೆದು ಒಪ್ಪಿಗೆ ಪಡೆಯಿರಿ. ಡಿಜಿಟಲ್ ಆದ ಸ್ವಹಸ್ತ ಪ್ರತಿಯ ಮೂಲವನ್ನು ಕಾರಣವಿಲ್ಲದೆ ತೋರಿಸುವುದಿಲ್ಲ. ‘ಚಿತ್ರದಲ್ಲಿ ವಾಟರ್‌ಮಾರ್ಕ್ (ಬೆಳಕಿಗೆ ಹಿಡಿದರೆ ಕಾಗದದಲ್ಲಿ ಕಾಣುವ ಗುರುತು), ಹೊಲಿಗೆ ಕಾಣುವುದಿಲ್ಲ, ಅದನ್ನು ನೋಡಬೇಕು’ ಎಂಬಂಥ ನಿರ್ದಿಷ್ಟ ಕಾರಣ ಬೇಕು. ಪಾಸ್‌ಪೋರ್ಟ್, ವಿಳಾಸದ ದಾಖಲೆ, ಮಾರ್ಗದರ್ಶಕರ ಅಥವಾ ಸಂಸ್ಥೆಯ ಪತ್ರ ಜೊತೆಗಿರಲಿ.

ಮೇಜಿನ ಮೇಲೆ ಪೆನ್ಸಿಲ್ ಮಾತ್ರ. ಕೈ ತೊಳೆದು ಪೂರ್ತಿ ಒರೆಸಿಕೊಂಡು ಕೂರಿ. ಬಿಳಿ ಕೈಗವಸು ಬೇಕೆಂದು ಹಲವರು ತಿಳಿದಿದ್ದಾರೆ. ಕಾಗದದ ಹಸ್ತಪ್ರತಿಗೆ ಅದು ಬೇಡ ಎನ್ನುವುದೇ ಈಗಿನ ಸಾಮಾನ್ಯ ಪದ್ಧತಿ, ಏಕೆಂದರೆ ಗವಸಿನ ಬೆರಳಿಗೆ ಹಾಳೆಯ ಅಂಚು ತಿಳಿಯದೆ ಹರಿಯುತ್ತದೆ. ಸಿಬ್ಬಂದಿ ಕೊಟ್ಟರೆ ಹಾಕಿಕೊಳ್ಳಿ. ಪುಸ್ತಕವನ್ನು ಫೋಮ್ ದಿಂಬಿನ ಮೇಲೇ ತೆರೆಯಿರಿ, ಬೆನ್ನನ್ನು ಒತ್ತಿ ಚಪ್ಪಟೆ ಮಾಡಬೇಡಿ, ಹಾಳೆಯನ್ನು ಮೇಲಿನ ಹೊರಮೂಲೆಯಿಂದ ತಿರುವಿ.

ಇವು ಕಂಡರೆ ಹಾಳೆ ತಿರುವುವುದನ್ನು ಅಲ್ಲಿಗೇ ನಿಲ್ಲಿಸಿ ಸಿಬ್ಬಂದಿಯನ್ನು ಕರೆಯಿರಿ: ಸ್ವರದ ತಲೆಗಳ ಸುತ್ತ ಕಂದು ವರ್ತುಲ, ಶಾಯಿ ಇದ್ದ ಜಾಗದಲ್ಲಿ ಬಿರುಕು ಅಥವಾ ತೂತು, ಹಾಳೆಯಿಂದ ಉದುರುವ ಚೂರು. ಕಬ್ಬಿಣ ಮತ್ತು ಮಾಚಿಕಾಯಿಯಿಂದ ಮಾಡಿದ ಹಳೆಯ ಶಾಯಿ ಆಮ್ಲೀಯ. ಕಾಗದವನ್ನು ಒಳಗಿನಿಂದ ತಿನ್ನುತ್ತದೆ. ದಪ್ಪ ಸ್ವರತಲೆಗಳು ಒತ್ತಾಗಿರುವ ಜಾಗವೇ ಮೊದಲು ಒಡೆಯುವುದು. ಬಿಳಿ ಪುಡಿ, ಮುಗ್ಗಲು ವಾಸನೆ ಬಂದರೂ ಹಾಗೆಯೇ ಮಾಡಿ.

ಹೊಲಿದು ಮುಚ್ಚಿದ ಹಾಳೆ, ಅಂಟಿಸಿದ ಚೀಟಿ ಇದ್ದರೆ ಬಿಡಿಸಲು ಹೋಗಬೇಡಿ, ಬೆರಳಿನ ಉಗುರಿನಿಂದ ಮೀಟಲೂ ಬೇಡಿ. ಅಲ್ಲಿ ಪ್ರದರ್ಶನಕ್ಕಾಗಿ ಕತ್ತರಿ ಹಾಕಲಾಗಿದೆ ಎಂಬುದೇ ಒಂದು ದಾಖಲೆ. ಅದು ಎಲ್ಲಿಂದ ಎಲ್ಲಿಯ ತನಕ ಎಂದು ಅಳೆದು ಬರೆದುಕೊಳ್ಳಿ.

## ಹಂತ 7: ಸಂಗೀತ ಓದುವ ಮುನ್ನ ಹಾಳೆ ಓದಿ

ಮೊದಲ ಸುತ್ತಿನಲ್ಲಿ ಒಂದು ಸ್ವರವನ್ನೂ ಓದಬೇಡಿ. ಪ್ರತಿಯ ದೇಹರಚನೆ ಮಾತ್ರ ನೋಡಿ.

ಹಾಳೆಗಳು ಮಡಿಕೆಮಡಿಕೆಯಾಗಿ ಸೇರಿ ಕಟ್ಟುಗಳಾಗಿರುತ್ತವೆ. ಪ್ರತಿ ಕಟ್ಟಿನ ನಡುವೆ ಹೊಲಿಗೆ ದಾರ ಕಾಣುತ್ತದೆ. ದಾರ ಕಂಡ ಹಾಳೆ ಸಂಖ್ಯೆಗಳನ್ನು ಬರೆಯುತ್ತ ಹೋದರೆ ಕಟ್ಟುಗಳ ನಕ್ಷೆ ಸಿಗುತ್ತದೆ. ಒಳ್ಳೆಯ ಬಣ್ಣದ ಚಿತ್ರದಲ್ಲೂ ಬೆನ್ನಿನ ಕಡೆ ಹಿಗ್ಗಿಸಿ ನೋಡಿದರೆ ದಾರ ಎಷ್ಟೋ ಸಲ ಕಾಣುತ್ತದೆ. 18ನೇ ಶತಮಾನದ ಇಟಾಲಿಯನ್ ನಕಲುಗಳಲ್ಲಿ ಹೊಸ ಹಾಡಿಗೆ ಹೊಸ ಕಟ್ಟು ಶುರುಮಾಡುವುದು ವಾಡಿಕೆ. ಹಾಡೊಂದನ್ನು ಬದಲಿಸಬೇಕಾದಾಗ ಒಂದು ಕಟ್ಟು ತೆಗೆದು ಇನ್ನೊಂದು ಸೇರಿಸಿದರೆ ಮುಗಿಯಿತು, ಬಿಡಿಯಾಗಿ ಮಾರಲೂ ಅನುಕೂಲ. ಹಾಗಾಗಿ ಉಳಿದವೆಲ್ಲ ನಾಲ್ಕು ಹಾಳೆಯ ಕಟ್ಟುಗಳಾಗಿದ್ದು ನಡುವೆ ಒಂದೇ ಒಂದು ಆರು ಹಾಳೆಯದಾಗಿದ್ದರೆ, ಅಥವಾ ಕಟ್ಟಿನ ಕೊನೆಯ ಹಾಳೆಗಳು ಗೆರೆ ಎಳೆದು ಖಾಲಿ ಬಿಟ್ಟಿದ್ದರೆ, ಅಲ್ಲಿ ಬದಲಾವಣೆ ಆಗಿರುವ ಸಾಧ್ಯತೆ ಹೆಚ್ಚು.

ಸ್ವರಗೆರೆಗಳನ್ನು ಐದು ಮೊನೆಯ ಲೇಖನಿಯಿಂದ ಎಳೆಯುತ್ತಿದ್ದರು. ಹಲವು ಸಾಲುಗಳನ್ನು ಒಂದೇ ಎಳೆತಕ್ಕೆ ಎಳೆಯುವ ಉಪಕರಣವೂ ಇತ್ತು. ಪುಟದ ಮೊದಲ ಸಾಲಿನ ಮೇಲ್ಗೆರೆಯಿಂದ ಕೊನೆಯ ಸಾಲಿನ ಕೆಳಗೆರೆಯ ತನಕ ಮಿಲಿಮೀಟರ್‌ನಲ್ಲಿ ಅಳೆಯಿರಿ. ಒಂದೇ ಬಗೆಯ ಕಾಗದದಲ್ಲಿ ಈ ಅಳತೆ ಒಂದೇ ಇರುತ್ತದೆ. ಎರಡು ಮೂರು ಮಿಲಿಮೀಟರ್ ಬದಲಾದ ಹಾಳೆ ಬೇರೆ ದಾಸ್ತಾನಿನದು. ಪುಟಕ್ಕೆ ಹತ್ತು ಸಾಲೋ ಹನ್ನೆರಡೋ ಎಂಬುದನ್ನೂ ಬರೆಯಿರಿ. ಬೆಳಕಿನ ಫಲಕ ಕೊಡುವ ಗ್ರಂಥಾಲಯದಲ್ಲಿ ವಾಟರ್‌ಮಾರ್ಕ್ ನೋಡಬಹುದು. ಮೂರು ಅರ್ಧಚಂದ್ರಗಳು ಕಂಡರೆ ಅದು ವೆನಿಸ್ ಸೀಮೆಯ ಕಾಗದದ ಗುರುತು, ಆದರೆ ವಿಯೆನ್ನಾದಲ್ಲೂ ಅದೇ ಕಾಗದ ಹೇರಳವಾಗಿ ಬಳಕೆಯಾಗಿತ್ತು. ಕಾಗದ ವೆನಿಸ್‌ನದು ಎಂದು ಪ್ರತಿಯೂ ಅಲ್ಲಿಯದೇ ಎನ್ನಬೇಡಿ.

ಎರಡು ಬಣ್ಣದ ಶಾಯಿ ಕಂಡ ಕೂಡಲೇ ಇಬ್ಬರು ಬರೆದಿದ್ದಾರೆ ಎಂದು ತೀರ್ಮಾನಿಸುವುದು ಇನ್ನೊಂದು ತಪ್ಪು. ಮೊಟ್ಸಾರ್ಟ್, ವೆರ್ದಿ ಇಬ್ಬರೂ ಮೊದಲು ಗಾಯನದ ಸಾಲು, ತಳದ ಸ್ವರ, ಮುಖ್ಯ ವಾದ್ಯದ ಎಳೆ ಬರೆದು, ಆಮೇಲೆ ಉಳಿದ ವಾದ್ಯಗಳನ್ನು ತುಂಬುತ್ತಿದ್ದರು. ಎರಡನೇ ಸಲ ಕೂತಾಗ ಶಾಯಿ ಬೇರೆ. ಕೈ ಬದಲಾಗಿದೆಯೇ ಎಂದು ನೋಡಲು ಶಾಯಿಯನ್ನಲ್ಲ, ಕ್ಲೆಫ್ ಬರೆಯುವ ರೀತಿಯನ್ನು, ಸ್ವರವಿಲ್ಲದ ವಿರಾಮದ ಚಿಹ್ನೆಯನ್ನು, ಹಾಡಿನ ಸಾಹಿತ್ಯದ ಅಕ್ಷರಗಳನ್ನು ಹೋಲಿಸಿ.

## ಹಂತ 8: ಪುಟದ ಭಾಷೆ

ಈಗಿನ ಸ್ಕೋರಿನ ಕ್ರಮವನ್ನು ಮನಸ್ಸಿನಿಂದ ತೆಗೆಯಿರಿ. ಮೊಟ್ಸಾರ್ಟ್‌ನ ಪುಟದಲ್ಲಿ ಪಿಟೀಲು, ವಿಯೋಲಾ ಮೇಲೆ. ನಡುವೆ ಊದುವ ವಾದ್ಯಗಳು. ಅವುಗಳ ಕೆಳಗೆ ಗಾಯಕರು. ಎಲ್ಲಕ್ಕಿಂತ ಕೆಳಗೆ ತಳದ ಸಾಲು. ಹನ್ನೆರಡು ಸಾಲಿನಲ್ಲಿ ಜಾಗ ಸಾಲದಾದಾಗ ತುತ್ತೂರಿ, ಡ್ರಮ್, ಕೆಲವು ಊದುವಾದ್ಯಗಳನ್ನು ಬೇರೆ ಹಾಳೆಯಲ್ಲಿ ಬರೆದು ಹಿಂದೆ ಇಡುತ್ತಿದ್ದ. ದೊಡ್ಡ ಅಂತಿಮ ದೃಶ್ಯದಲ್ಲಿ ತುತ್ತೂರಿಯೇ ಇಲ್ಲ ಎನಿಸಿದರೆ ಸಂಪುಟದ ಕೊನೆ ನೋಡಿ, ಆಮೇಲೆ ಬೇರೆ ಕರೆಸಂಖ್ಯೆ ಇದೆಯೇ ಎಂದು ವಿಚಾರಿಸಿ.

ಸೊಪ್ರಾನೊ, ಆಲ್ಟೊ, ಟೆನರ್ ಮೂವರಿಗೂ ‘ಸಿ’ ಕ್ಲೆಫ್. ಅದು ಕೂರುವ ಗೆರೆ ಕ್ರಮವಾಗಿ ಕೆಳಗಿನಿಂದ ಒಂದನೆಯದು, ಮೂರನೆಯದು, ನಾಲ್ಕನೆಯದು. ಕ್ಲೆಫ್ ಕೂತ ಗೆರೆಯೇ ಮಧ್ಯ ‘ಸಿ’. ಈ ಅಭ್ಯಾಸ ಗಟ್ಟಿಯಾಗದೆ ಮುಂದೆ ಹೋದರೆ ಇಡೀ ಹಾಡನ್ನು ಮೂರು ಸ್ವರ ಆಚೀಚೆ ಓದುತ್ತೀರಿ. ಹಾರ್ನ್ ಯಾವ ಶ್ರುತಿಯದೆಂದು ಬರೆದಿದ್ದಾರೋ ನೋಡಿ: ‘ಎಫ್‌’ನ ಹಾರ್ನ್ ಬರೆದದ್ದಕ್ಕಿಂತ ಐದನೇ ಸ್ವರದಷ್ಟು ಕೆಳಗೆ ನುಡಿಯುತ್ತದೆ.

ಖಾಲಿ ಸಾಲು ಕಂಡರೆ ವಾದ್ಯ ಸುಮ್ಮನಿದೆ ಎಂದಲ್ಲ. ‘ಕೊಲ್ ಬಾಸ್ಸೊ’ ಎಂದಿದ್ದರೆ ಆ ಸಾಲು ತಳದ ಸ್ವರವನ್ನೇ ನುಡಿಸಬೇಕು, ‘ಉನಿಸ್.’ ಎಂದಿದ್ದರೆ ಮೇಲಿನ ಸಾಲಿನ ಜೊತೆ, ‘ಕೋಮೆ ಸೋಪ್ರಾ’ ಎಂದಿದ್ದರೆ ಹಿಂದೆ ಬಂದದ್ದೇ ಮತ್ತೆ. ವಿಯೋಲಾ ಸಾಲಿನಲ್ಲಿ ಇದು ತೀರ ಸಾಮಾನ್ಯ. ‘ದಾ ಕಾಪೊ’ ಎಂದರೆ ಮೊದಲಿನಿಂದ. ‘ದಾಲ್ ಸೆನ್ಯೊ’ ಎಂದರೆ ಚಿಹ್ನೆ ಇರುವಲ್ಲಿಂದ. ಆ ಚಿಹ್ನೆಯನ್ನು ನಕಲುಗಾರ ಹಾಕಲು ಮರೆತಿರುವುದುಂಟು. ಅದನ್ನು ನಿಮ್ಮ ಊಹೆಯಿಂದ ತುಂಬದೆ, ‘ಚಿಹ್ನೆ ಇಲ್ಲ’ ಎಂದು ದಾಖಲಿಸಿ.

17ನೇ ಶತಮಾನಕ್ಕೆ ಹೋದರೆ ನಿಯಮ ಇನ್ನೂ ಬೇರೆ. ತೀವ್ರ-ಕೋಮಲ ಚಿಹ್ನೆ ಸಾಮಾನ್ಯವಾಗಿ ಆ ಒಂದು ಸ್ವರಕ್ಕೆ ಮಾತ್ರ, ಇಡೀ ಬಾರ್‌ಗೆ ಅಲ್ಲ. ಶಾರ್ಪನ್ನು ರದ್ದು ಮಾಡಲು ನ್ಯಾಚುರಲ್ ಬದಲು ಫ್ಲ್ಯಾಟ್ ಚಿಹ್ನೆಯನ್ನೇ ಹಾಕುತ್ತಿದ್ದರು. 1643ರ ಕಾರ್ನಿವಲ್‌ನಲ್ಲಿ ವೆನಿಸ್‌ನಲ್ಲಿ ಆಡಿದ ‘ಪೊಪ್ಪೆಯಾ’ಕ್ಕೆ ಮೊಂತೆವೆರ್ದಿಯ ಸ್ವಹಸ್ತ ಪ್ರತಿ ಉಳಿದಿಲ್ಲ. ಇರುವ ಎರಡು ನಕಲುಗಳಲ್ಲಿ ಒಂದು ವೆನಿಸ್‌ನ ಮಾರ್ಚಾನಾ ಗ್ರಂಥಾಲಯದಲ್ಲಿದೆ, ಇನ್ನೊಂದು ನೇಪಲ್ಸ್‌ನ ಸಂಗೀತಶಾಲೆಯಲ್ಲಿ. ಎರಡರಲ್ಲೂ ಬಹುಪಾಲು ಗಾಯನ ಮತ್ತು ತಳದ ಸಾಲು ಮಾತ್ರ; ನಡುವಿನ ವಾದ್ಯಖಂಡಗಳು ವೆನಿಸ್ ಪ್ರತಿಯಲ್ಲಿ ಮೂರು ಸಾಲಿನವು, ನೇಪಲ್ಸ್ ಪ್ರತಿಯಲ್ಲಿ ನಾಲ್ಕು ಸಾಲಿನವು. ಯಾವ ವಾದ್ಯ ಎಂದು ಹೇಳಿಯೇ ಇಲ್ಲ. ರೆಕಾರ್ಡಿಂಗಿನಲ್ಲಿ ಕೇಳುವ ತುಂಬು ವಾದ್ಯಮೇಳ ಈಚಿನವರು ಕಟ್ಟಿದ್ದು. ಅದನ್ನು ಹಸ್ತಪ್ರತಿಯಲ್ಲಿ ಹುಡುಕಬೇಡಿ.

## ಹಂತ 9: ಪಟ್ಟಿಯೊಡನೆ ತಾಳೆ ನೋಡುವುದು

ಈಗ ಹಂತ 2ರಲ್ಲಿ ಮಾಡಿದ ಲಿಬ್ರೆಟ್ಟೊ ಪಟ್ಟಿ ತೆರೆಯಿರಿ. ಪ್ರತಿ ಹಾಡಿನ ಎದುರು ತುಂಬಬೇಕಾದ ಅಂಕಣಗಳು: ಹಾಳೆ (ಮುಂಬದಿ/ಹಿಂಬದಿ), ಕ್ಲೆಫ್, ಶ್ರುತಿ, ತಾಳಚಿಹ್ನೆ, ಗತಿಯ ಪದ, ಬಾರ್‌ಗಳ ಸಂಖ್ಯೆ, ವಾದ್ಯಗಳು, ಕೈಬರಹ, ಷರಾ.

ಓರ್ಫೆಯೊ ಪ್ರತಿ ಯಾವುದೆಂದು ಈ ಅಂಕಣಗಳೇ ಹೇಳುತ್ತವೆ. ಯೂರಿಡಿಚೆಯನ್ನು ಕಳೆದುಕೊಂಡ ನಾಯಕನ ಪ್ರಸಿದ್ಧ ಹಾಡು ಇಟಾಲಿಯನ್‌ನಲ್ಲಿ, ಸಿ ಮೇಜರ್‌ನಲ್ಲಿ ಇದ್ದರೆ ವಿಯೆನ್ನಾ ರೂಪ. ಫ್ರೆಂಚ್‌ನಲ್ಲಿ, ಎಫ್ ಮೇಜರ್‌ನಲ್ಲಿ ಇದ್ದರೆ 1774ರ ಪ್ಯಾರಿಸ್ ರೂಪ. ವಾದ್ಯಗಳಲ್ಲಿ ಶಾಲುಮೊ, ಕೊರ್ನೆತ್ತೊ ಎಂಬ ಹಳೆಯ ಊದುವಾದ್ಯಗಳು ಕಂಡರೆ ವಿಯೆನ್ನಾ. ಎರಡನೇ ಅಂಕದಲ್ಲಿ ಡಿ ಮೈನರ್‌ನ ಕೊಳಲಿನ ನೃತ್ಯ ಇದ್ದರೆ ಪ್ಯಾರಿಸ್. ಕ್ಲೆಫ್ ಒಂದನ್ನೇ ನಂಬಿದರೆ ಮಾತ್ರ ಮೋಸ ಹೋಗುತ್ತೀರಿ: ವಿಯೆನ್ನಾದ ಆಲ್ಟೊಗೂ ಪ್ಯಾರಿಸ್‌ನ ಓಟ್-ಕೋಂತ್ರ್‌ಗೂ ಬಳಕೆಯಲ್ಲಿದ್ದದ್ದು ಮೂರನೇ ಗೆರೆಯ ಅದೇ ಸಿ ಕ್ಲೆಫ್. ಒಂದು ಲಕ್ಷಣ ಸಾಕ್ಷಿಯಲ್ಲ. ಕನಿಷ್ಠ ಮೂರು ಸೇರಬೇಕು.

ಎರಡು ರೂಪಗಳ ಲಕ್ಷಣ ಒಂದೇ ಪ್ರತಿಯಲ್ಲಿ ಬೆರೆತಿದ್ದರೆ ಹಂತ 7ರ ಕಟ್ಟುಗಳ ನಕ್ಷೆಗೆ ವಾಪಸ್ ಹೋಗಿ. ಬೇರೆ ರೂಪದ ಹಾಡು ಬೇರೆ ಕಾಗದದ, ಬೇರೆ ಕಟ್ಟಿನಲ್ಲಿದ್ದರೆ ಅದನ್ನು ಆಮೇಲೆ ಸೇರಿಸಿದ್ದು. ಅದೇ ಕಾಗದ, ಅದೇ ಕೈ, ಅದೇ ಕಟ್ಟಿನೊಳಗೆ ಸಾಗಿದ್ದರೆ ನಕಲುಗಾರನ ಎದುರು ಇದ್ದ ಮೂಲವೇ ಬೆರಕೆಯದು. ಆಗ ಅಂಥ ಬೆರಕೆಯನ್ನು ಆಡಿದ ಮೂರನೆಯ ಊರೊಂದರ ಲಿಬ್ರೆಟ್ಟೊ ಇದೆಯೇ ಎಂದು ಕೊರಾಗೊದಲ್ಲಿ ಹುಡುಕಿ.

ಮುಖಪುಟದ ಹೆಸರನ್ನು ಕೊನೆಗೆ ನೋಡಿ. ‘ಇಂಥವರ ಒಪೆರಾ’ ಎಂಬ ಬರಹ ಎಷ್ಟೋ ಪ್ರತಿಗಳಲ್ಲಿ ಮುಂದಿನ ಕಾಲದ ಗ್ರಂಥಪಾಲಕನ ಕೈಯದು. ಶಾಯಿಯೂ ಅಕ್ಷರವೂ ಒಳಗಿನದಕ್ಕೆ ಹೊಂದದಿದ್ದರೆ ಆ ಹೆಸರನ್ನು ಊಹೆ ಎಂದೇ ಬರೆದುಕೊಳ್ಳಿ.

## ಹಂತ 10: ಟಿಪ್ಪಣಿ, ಕಡತ, ಅನುಮತಿ

ಪ್ರತಿ ಚಿತ್ರದ ಕಡತಕ್ಕೆ ಹೆಸರು ಹೀಗಿರಲಿ: ಗ್ರಂಥಾಲಯ ಸಂಕೇತ, ಕರೆಸಂಖ್ಯೆ, ಸಂಪುಟ, ಹಾಳೆ, ಬದಿ. ಹಾಳೆ ಸಂಖ್ಯೆಗೆ ಮೂರಂಕಿ ಬಳಸಿ (007, 048, 112). ಇಲ್ಲದಿದ್ದರೆ ಕಂಪ್ಯೂಟರ್ 112ನ್ನು 48ಕ್ಕಿಂತ ಮೊದಲು ಜೋಡಿಸುತ್ತದೆ. ಒಂದೇ ಹಾಳೆಯ ಮೇಲೆ ಹಳೆಯ ಶಾಯಿಯ ಸಂಖ್ಯೆ, ಹೊಸ ಪೆನ್ಸಿಲ್ ಸಂಖ್ಯೆ ಎರಡೂ ಇದ್ದರೆ ಗ್ರಂಥಾಲಯ ಬಳಸುವುದನ್ನೇ ಅನುಸರಿಸಿ, ಇನ್ನೊಂದನ್ನು ಷರಾದಲ್ಲಿ ಬರೆಯಿರಿ.

ಸಂಗೀತಕ್ಕೆ ಹಕ್ಕುಸ್ವಾಮ್ಯ ಮುಗಿದಿದ್ದರೂ ಚಿತ್ರದ ಪ್ರಕಟಣೆಗೆ ಗ್ರಂಥಾಲಯದ ಷರತ್ತು ಇರುತ್ತದೆ. ಲೇಖನದಲ್ಲಿ ಒಂದು ಪುಟದ ಚಿತ್ರ ಹಾಕಬೇಕಾದರೂ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ, ಪತ್ರವನ್ನು ಚಿತ್ರದ ಜೊತೆಗೇ ಅದೇ ಫೋಲ್ಡರಿನಲ್ಲಿಡಿ. ನಮೂದಿನಲ್ಲಿ ತಪ್ಪು ಕಂಡಿದ್ದರೆ — ಅಂಕದ ಸಂಖ್ಯೆ, ಹಾಳೆ ಲೆಕ್ಕ, ಗುರುತಿಸದೆ ಉಳಿದ ಹಾಡು — ಆ ಗ್ರಂಥಾಲಯಕ್ಕೂ ರಿಸ್ಮ್‌ಗೂ ಹಾಳೆ ಸಂಖ್ಯೆ ಸಮೇತ ಬರೆದು ತಿಳಿಸಿ. ಮುಂದೆ ಅದೇ ಪ್ರತಿಯನ್ನು ಹುಡುಕುವವರಿಗೆ ತಿದ್ದಿದ ನಮೂದು ಸಿಗುವುದು ಹಾಗೆ ಬರೆದವರಿಂದಲೇ.